ಒಂಟಿ ಸುರುಳಿಯೋ ಜೋಡಿ ಸುರುಳಿಯೋ?
ಶಿವಮೊಗ್ಗದ ಯುವಕರನ್ನೂ ತೀರ್ಥಹಳ್ಳಿ ಕಡೆಯ ಹಿರಿಯ ಅಡಿಕೆ ಬೆಳೆಗಾರರನ್ನೂ ಒಂದೇ ಅಧ್ಯಯನದಲ್ಲಿ ಹೋಲಿಸಲು ಹೊರಟವರು ಕಾಂತೀಯ ಮಿದುಳು ಪ್ರಚೋದನೆಯ (ತಲೆಯ ಮೇಲೆ ತಂತಿಯ ಸುರುಳಿ ಹಿಡಿದು, ಕಾಂತೀಯ ಮಿಡಿತದಿಂದ ಮಿದುಳನ್ನು ಪ್ರಚೋದಿಸಿ ಸ್ನಾಯುವಿನ ಸ್ಪಂದನವನ್ನು ಅಳೆಯುವುದು) ಈ ಎರಡು ವಿಧಾನಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. 1985ರಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಒಂಟಿ ಸುರುಳಿಯಲ್ಲಿ, ಸ್ನಾಯು ಸ್ಪಂದಿಸುವ ಕನಿಷ್ಠ ತೀವ್ರತೆ ಮರು ಅಳತೆಯಲ್ಲೂ ಬಹುಮಟ್ಟಿಗೆ ಅಷ್ಟೇ ಬರುತ್ತದೆ. ಆದರೆ ಮಿದುಳಿನ ಭಾಗಗಳ ನಡುವಿನ ಸಂಪರ್ಕವನ್ನು ಅದು ಹೇಳದು.

ಅದಕ್ಕೆ ಜೋಡಿ ಸುರುಳಿಯೇ ಬೇಕು: ಮಿದುಳಿನ ಒಂದು ಅರ್ಧಗೋಳವನ್ನು ಪ್ರಚೋದಿಸಿ, ಸುಮಾರು 10 ಮಿಲಿಸೆಕೆಂಡುಗಳ ನಂತರ ಇನ್ನೊಂದನ್ನು ಪ್ರಚೋದಿಸಿದಾಗ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸ್ನಾಯುವಿನ ಸ್ಪಂದನ ಕುಗ್ಗುತ್ತದೆ. ಸಂಪರ್ಕದ ಕುರುಹಾದ ಈ ಕುಗ್ಗುವಿಕೆಯು, ಮೊದಲ ಪ್ರಚೋದನೆ ಇದ್ದಾಗಿನ ಮತ್ತು ಇಲ್ಲದಾಗಿನ ಸ್ಪಂದನ ಎಂಬ ಏರಿಳಿಯುವ ಎರಡು ಅಳತೆಗಳ ಅನುಪಾತವಾದ್ದರಿಂದ ಹೆಚ್ಚು ಅಸ್ಥಿರ. ಕೈಯನ್ನು ತುಸು ಬಿಗಿ ಹಿಡಿದರೂ ಫಲಿತಾಂಶ ಕೆಡುತ್ತದೆ. ಆದರೂ ಸಂಪರ್ಕವೇ ಪ್ರಶ್ನೆಯಾದಲ್ಲಿ ನಾನು ಇದನ್ನೇ ಆರಿಸುತ್ತೇನೆ, ಪ್ರಚೋದನೆಗಳ ಸಂಖ್ಯೆ ಹೆಚ್ಚಿಸಿ, ಮರುಪರೀಕ್ಷೆಯಲ್ಲಿ ಫಲಿತಾಂಶ ಎಷ್ಟು ಸ್ಥಿರ ಎಂಬುದನ್ನು ಎರಡೂ ವಯೋಮಾನದವರಿಗೆ ಪ್ರತ್ಯೇಕವಾಗಿ ಲೆಕ್ಕ ಹಾಕುವುದಾದರೆ ಮಾತ್ರ.