ಟರ್ಕಿಯಲ್ಲಿ ಬಾಡಿಗೆ ಕಾರು ಹಿಡಿಯುವ ಮುನ್ನ: 'ಫುಲ್ ಕಾಸ್ಕೊ' ಎಂಬ ಬಾಯಿಮಾತನ್ನು ನಂಬಬೇಡಿ

ಟರ್ಕಿಯಲ್ಲಿ ಕಾರು ಬಾಡಿಗೆಗೆ ತಗೊಂಡು ಕಪಡೋಕಿಯಾ ದಾಟಿ ಹಳ್ಳಿಗಳ ಕಡೆ ಹೋಗಬೇಕು ಅಂದುಕೊಂಡಿರುವವರು ಇದನ್ನು ಓದಿಯೇ ಹೊರಡಿ. ಕೌಂಟರಿನಲ್ಲಿ ಕೂತವನು "ಫುಲ್ ಕಾಸ್ಕೊ ಇದೆ, ಎಲ್ಲಾ ಸೇರಿದೆ" ಅಂತ ನಗುನಗುತ್ತಾ ಹೇಳುತ್ತಾನೆ. ಕಾಸ್ಕೊ ಅಂದರೆ ಅಲ್ಲಿನ ಸಮಗ್ರ ವಿಮೆ. ಆದರೆ ಬಾಡಿಗೆ ಕಾರುಗಳ ಕರಾರಿನಲ್ಲಿ ಟೈರು, ಗಾಜು, ಹೆಡ್‌ಲೈಟ್ ಈ ಮೂರನ್ನೂ ಹೆಚ್ಚಾಗಿ ಹೊರಗಿಟ್ಟು, ಎಲ್‌ಸಿಎಫ್ ಅಂತ ಬೇರೆ ಪ್ಯಾಕೇಜ್ ಮಾಡಿ ಮಾರುತ್ತಾರೆ. ಹಳ್ಳಿ ರಸ್ತೆಯಲ್ಲಿ ಮೊದಲು ಏಟು ತಿನ್ನುವುದು ಈ ಮೂರೇ.

ನಾನಿರುವುದು ಫ್ರಾಂಕ್‌ಫರ್ಟ್ ಹತ್ತಿರ. ಶಿವಮೊಗ್ಗದಿಂದ ನನ್ನ ಗೆಳತಿ ಬಂದಿದ್ದಳು. ಅವಳ ಬಳಿ ಶೆಂಗೆನ್ ವೀಸಾ ಇದ್ದದ್ದರಿಂದ ಟರ್ಕಿಗೆ ಇ-ವೀಸಾ ಸುಲಭವಾಗಿ ಸಿಕ್ಕಿತು. ಶೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್ ವೀಸಾ ಇಲ್ಲವೇ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಮಾತ್ರ ಭಾರತೀಯರಿಗೆ ಆ ಅನುಕೂಲ. ಇಲ್ಲದಿದ್ದರೆ ಮೊದಲೇ ಸ್ಟಿಕ್ಕರ್ ವೀಸಾ ಮಾಡಿಸಬೇಕು. ಇನ್ನೊಂದು ಮಾತು, ಶೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿಕೊಳ್ಳಿ. ಸಿಂಗಲ್ ಎಂಟ್ರಿ ಆಗಿದ್ದರೆ ಟರ್ಕಿಗೆ ಹೋದವರು ವಾಪಸ್ ಯುರೋಪಿಗೆ ಬರುವ ಹಾಗಿಲ್ಲ.

ಕೈಸೇರಿ ವಿಮಾನ ನಿಲ್ದಾಣದಲ್ಲಿ ಕಾರು ತಗೊಂಡು ಅಂತಾಲ್ಯದಲ್ಲಿ ಬಿಡುವುದು ನಮ್ಮ ಲೆಕ್ಕಾಚಾರ. ಸಿಕ್ಕಿದ್ದು ಬಿಳಿ ಫಿಯಟ್ ಎಜೆಯಾ. ಕರಾರು ಟರ್ಕಿಶ್‌ನಲ್ಲಿತ್ತು, ಟ್ಯಾಬ್ ಮೇಲೆ ಬೆರಳಿನಲ್ಲಿ ಸಹಿ. ಇಂಗ್ಲಿಷ್ ಪ್ರತಿ ಕೇಳಿದೆವು, "ಈಮೇಲ್ ಮಾಡ್ತೀವಿ" ಅಂದರು. ಗಾಜಿಗೆ ವಿಮೆ ಇದೆಯಾ ಅಂತ ಗೆಳತಿ ಮುಂದಿನ ಗಾಜನ್ನೇ ತಟ್ಟಿ ತೋರಿಸಿ ಕೇಳಿದಳು. "ಎಲ್ಲಾ ಇದೆ, ಮೇಡಂ." ಈಮೇಲ್ ಇವತ್ತಿಗೂ ಬಂದಿಲ್ಲ.

ಪ್ರವಾಸ ಮಾತ್ರ ಇಬ್ಬರೂ ಮರೆಯುವಂಥದ್ದಲ್ಲ. ಇಹ್ಲಾರಾ ಕಣಿವೆಗೆ ಇಳಿದು, ಮೆಲೆಂದಿಜ್ ಹೊಳೆಯ ದಂಡೆಯಲ್ಲಿ ಬಂಡೆ ಕೊರೆದು ಮಾಡಿದ ಚರ್ಚುಗಳ ಒಳಹೊಕ್ಕು, ಮೇಲೆ ಹತ್ತುವಾಗ ಏದುಸಿರು ಬಿಟ್ಟು ನಕ್ಕಿದ್ದೇ ನಕ್ಕಿದ್ದು. ಅಕ್ಸರಾಯ್‌ನಿಂದ ಕೊನ್ಯಾಗೆ ಹೋಗುವ ದಾರಿಯಲ್ಲಿ ಸುಲ್ತಾನ್‌ಹಾನಿ ಸಿಗುತ್ತದೆ. 1229ರಲ್ಲಿ ಸೆಲ್ಜುಕ್ ಸುಲ್ತಾನ ಕೈಕುಬಾದ್ ವರ್ತಕರಿಗಾಗಿ ಕಟ್ಟಿಸಿದ ಕಲ್ಲಿನ ಛತ್ರ ಅದು. ಅದರ ಬಾಗಿಲ ಕೆತ್ತನೆ ಮುಂದೆ ನಿಂತ ಗೆಳತಿ, "ನಮ್ಮ ಹೊಯ್ಸಳರ ಕಾಲದ್ದೇ ಕಣೇ ಇದು" ಅಂತ ಎಷ್ಟು ಹೊತ್ತಾದರೂ ಕದಲಲಿಲ್ಲ. ಬೇಶೆಹಿರ್‌ನಲ್ಲಿ ಎಶ್ರೆಫೊಲು ಮಸೀದಿ ನೋಡಿದೆವು. ಒಳಗೆ ಕಾಲಿಟ್ಟರೆ ಮರದ ಕಂಬಗಳ ಕಾಡು. ಏಳು ಶತಮಾನ ಕಳೆದರೂ ಹಾಗೇ ನಿಂತಿದೆ, 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ನಿಂತ ಕಡೆಯಲ್ಲೆಲ್ಲಾ ಯಾರಾದರೂ ಒಬ್ಬರು ಕರೆದು ಚಹಾ ಕೊಡುತ್ತಿದ್ದರು. ದುಡ್ಡು ತೆಗೆದರೆ ಬೇಜಾರು ಮಾಡಿಕೊಳ್ಳುತ್ತಿದ್ದರು.

ಗಾಜು ಬಿರುಕು ಬಿಟ್ಟಿದ್ದು ಬೇಶೆಹಿರ್ ಸರೋವರದ ಪಶ್ಚಿಮ ದಂಡೆಯಲ್ಲಿ, ಯೆನಿಶಾರ್‌ಬಾದೆಮ್ಲಿ ಕಡೆಗೆ ಹೋಗುವಾಗ. ಅಲ್ಲಿನ ಹಳ್ಳಿ ರಸ್ತೆಗಳಿಗೆ ಡಾಂಬರು ಸುರಿದು, ಮೇಲೆ ಸಣ್ಣ ಜಲ್ಲಿ ಹರಡಿ, ರೋಲರ್ ಓಡಿಸಿ ಬಿಟ್ಟುಬಿಡುತ್ತಾರೆ. ಉಳಿದ ಜಲ್ಲಿಯನ್ನು ಓಡಾಡುವ ವಾಹನಗಳೇ ತುಳಿದು ಕೂರಿಸಬೇಕು. ಈ ಕೆಲಸಕ್ಕೆ ಬಿಸಿಲು ಬೇಕಾದ್ದರಿಂದ ಬೇಸಿಗೆಯಲ್ಲಿ, ಸೆಪ್ಟೆಂಬರ್‌ವರೆಗೂ ಇಂಥ ರಸ್ತೆ ಸಿಗುತ್ತಲೇ ಇರುತ್ತದೆ. ಕಾರಿನ ಚಕ್ರದಿಂದ ಕಲ್ಲು ಸಿಡಿಯುವ ಚಿತ್ರದ ತ್ರಿಕೋನ ಫಲಕ ಕಂಡರೆ ಇದೇ ಅಂತ ತಿಳಿಯಿರಿ. ನಾವು ಫಲಕ ನೋಡಿ ನಿಧಾನವಾಗಿಯೇ ಹೋಗುತ್ತಿದ್ದೆವು. ಎದುರಿಗೆ ಬಂದ ಲಾರಿ ನಿಧಾನ ಮಾಡಲಿಲ್ಲ. ಟಪ್ ಅಂತ ಒಂದು ಸದ್ದು. ನನ್ನ ಕಣ್ಣಿನ ನೇರಕ್ಕೆ, ವೈಪರಿನ ಮೇಲುಗಡೆ, ರಾಗಿ ಕಾಳಿನಷ್ಟು ಗುಳಿ. ನೋಡನೋಡುತ್ತಿದ್ದಂತೆ ಅದರಿಂದ ಎರಡು ಗೆರೆ ಹೊರಟವು. ರಾತ್ರಿಯ ಚಳಿ ತಾಗಿ ಬೆಳಗಾಗುವುದರೊಳಗೆ ಒಂದು ಗೆರೆ ಗೇಣುದ್ದ ಆಗಿತ್ತು.

ತಕ್ಷಣ ಬಾಡಿಗೆ ಕಂಪನಿಗೆ ಫೋನ್ ಮಾಡಿದೆವು. "ಪರವಾಗಿಲ್ಲ, ಯಾರಿಗೂ ಫೋನ್ ಮಾಡೋದು ಬೇಡ, ಅಂತಾಲ್ಯದಲ್ಲಿ ನೋಡೋಣ" ಅಂದರು. ಊರಿನ ಚಹಾದಂಗಡಿ ಮುಂದೆ ಕಾರು ನಿಲ್ಲಿಸಿದಾಗ ಹಿರಿಯರೊಬ್ಬರು ಜರ್ಮನ್‌ನಲ್ಲಿ ಮಾತಾಡಿಸಿದರು. 1961ರ ಒಪ್ಪಂದದ ನಂತರ ಟರ್ಕಿಯ ಹಳ್ಳಿಗಳಿಂದ ಜರ್ಮನಿಯ ಕಾರ್ಖಾನೆಗಳಿಗೆ ದುಡಿಯಲು ಹೋದವರು ಲೆಕ್ಕವಿಲ್ಲದಷ್ಟು. ಇವರೂ ಕೊಲೋನ್‌ನಲ್ಲಿ ದುಡಿದು ಊರಿಗೆ ಮರಳಿದವರು. ವಿಷಯ ಕೇಳಿದವರೇ ತಲೆಯಾಡಿಸಿ, "ಮಕ್ಕಳೇ, ಫೋನಿನ ಮಾತು ಗಾಳಿಗೆ ಹೋಗುತ್ತೆ. ಕಾಗದ ಮಾಡಿಸಿ" ಅಂತ ಹೇಳಿ ತಾವೇ 112ಕ್ಕೆ ಕರೆ ಮಾಡಿದರು. ಹಳ್ಳಿ ಕಡೆ ಪೊಲೀಸರ ಬದಲು ಬರುವುದು ಜಂಡರ್ಮಾದವರು. ಇಬ್ಬರು ಬಂದರು, ಫೋಟೊ ತೆಗೆದರು, ಜಾಗ ಮತ್ತು ಹೊತ್ತು ಬರೆದರು, ತುತಾನಾಕ್ ಅನ್ನುವ ವರದಿಯ ಪ್ರತಿ ಕೊಟ್ಟರು. ಒಂದು ಪೈಸೆ ಕೇಳಲಿಲ್ಲ. ಅಷ್ಟರಲ್ಲಿ ಆ ಹಿರಿಯರ ಮನೆಯಾಕೆ ನಮ್ಮ ಹಿಂದಿನ ಸೀಟಿಗೆ ಒಂದು ಚೀಲ ಸೇಬು ಇಟ್ಟಿದ್ದರು.

ಮಾರನೇ ದಿನ ಇಸ್ಪಾರ್ತಾದ ಸನಾಯಿಯಲ್ಲಿ ವಿಚಾರಿಸಿದೆವು. ಟರ್ಕಿಯ ಊರೂರಲ್ಲೂ ಗ್ಯಾರೇಜುಗಳೆಲ್ಲ ಒಂದೇ ಕಡೆ ಇರುವ ಪ್ರದೇಶವನ್ನು ಸನಾಯಿ ಅನ್ನುತ್ತಾರೆ. ಗಾಜಿನ ಅಂಗಡಿಯವರು ಹೊಸ ಗಾಜು, ಕೂಲಿ ಎಲ್ಲಾ ಸೇರಿಸಿ ಒಂದು ಚೀಟಿಯಲ್ಲಿ ಬೆಲೆ ಬರೆದುಕೊಟ್ಟರು. ಹಾಕಿಸಲು ಕಂಪನಿ ಒಪ್ಪಲಿಲ್ಲ. ಅಂತಾಲ್ಯದ ಆಫೀಸಿನಲ್ಲಿ ಕೇಳಿದ ಮೊತ್ತ ಆ ಚೀಟಿಯ ಮೂರು ಪಟ್ಟಿಗಿಂತ ಜಾಸ್ತಿ. ಗಾಜು ಕಾಸ್ಕೊದಲ್ಲಿ ಇಲ್ಲವೇ ಇಲ್ಲ ಅಂತ ಆಗ ಹೇಳಿದರು. ಕಾರ್ಡಿನಲ್ಲಿ ಹಿಡಿದಿಟ್ಟಿದ್ದ ಠೇವಣಿಯಿಂದ ಅಷ್ಟೂ ಮುರಿದುಕೊಂಡರು. ಕಾರು ರಿಪೇರಿಯಲ್ಲಿ ನಿಲ್ಲುವ ದಿನಗಳ ಬಾಡಿಗೆ ಅಂತ ಇನ್ನಷ್ಟು ಎಳೆದರು. ಜೊತೆಗೆ ಎಚ್‌ಜಿಎಸ್ ಟೋಲ್ ಅಂತ ಒಂದು ಸಾಲು. ಎಚ್‌ಜಿಎಸ್ ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ. ನಾವು ಟೋಲ್ ಹೆದ್ದಾರಿಗೆ ಹತ್ತಿಯೇ ಇರಲಿಲ್ಲ. ಯಾವ ಗೇಟು, ಯಾವ ಹೊತ್ತು ತೋರಿಸಿ ಅಂತ ಗೆಳತಿ ಪಟ್ಟು ಹಿಡಿದ ಮೇಲೆ ಆ ಸಾಲು ಮಾತ್ರ ಅಳಿಸಿದರು. ಅಲ್ಲಿ ಕೂತ ಹುಡುಗ ನಮ್ಮ ಮುಖ ನೋಡುವುದನ್ನೇ ಬಿಟ್ಟಿದ್ದ. ವಿಮಾನಕ್ಕೆ ಹೊತ್ತಾಗಿತ್ತು. ಪ್ರವಾಸಿಗಳಿಗೆ ನಿಂತು ಜಗಳ ಆಡುವಷ್ಟು ಸಮಯ ಇರುವುದಿಲ್ಲ ಅನ್ನುವುದೇ ಇವರ ಧೈರ್ಯ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಮನೆಗೆ ಬಂದ ಮೇಲೆ ಬ್ಯಾಂಕಿಗೆ ದೂರು ಕೊಟ್ಟು ಜಂಡರ್ಮಾ ವರದಿ, ಫೋಟೊಗಳು, ಸನಾಯಿಯ ಚೀಟಿ ಎಲ್ಲಾ ಕಳಿಸಿದೆ. ರಿಪೇರಿ ದಿನಗಳ ಬಾಡಿಗೆ ಅಂತ ಎಳೆದ ಹಣ ವಾಪಸ್ ಬಂತು. ಗಾಜಿನ ಹಣ ಬರಲಿಲ್ಲ, ಸಹಿ ಮಾಡಿದ ಕರಾರಿನಲ್ಲಿ ಹಾಗೇ ಇದೆ ಅಂದರು.

ಹೋಗುವವರು ಬುಕ್ ಮಾಡುವಾಗಲೇ ಟೈರು, ಗಾಜು, ಹೆಡ್‌ಲೈಟ್ ಸೇರಿದೆಯಾ ಅಂತ ವಾಟ್ಸ್ಯಾಪ್‌ನಲ್ಲೋ ಈಮೇಲ್‌ನಲ್ಲೋ ಕೇಳಿ, ಉತ್ತರ ಉಳಿಸಿಟ್ಟುಕೊಳ್ಳಿ. ಟರ್ಕಿಶ್ ಕರಾರನ್ನು ಸಹಿಗೆ ಮೊದಲು ಫೋನಿನ ಅನುವಾದ ಆ್ಯಪ್‌ನಲ್ಲಿ ಹಿಡಿದು ಓದಿ. ಹಿಂದೆ ಎಷ್ಟು ಜನ ಸಾಲಿನಲ್ಲಿದ್ದರೂ ಇರಲಿ. ಕಾರು ತಗೊಳ್ಳುವಾಗಲೂ ವಾಪಸ್ ಕೊಡುವಾಗಲೂ ಗಾಜು, ಟೈರು ಹತ್ತಿರದಿಂದ ಕಾಣುವಂತೆ ವಿಡಿಯೊ ಮಾಡಿ. ಕಾರ್ಡ್ ಉಜ್ಜುವಾಗ ಯಂತ್ರ ಯೂರೊ ಬೇಕಾ ಲಿರಾ ಬೇಕಾ ಅಂತ ಕೇಳಿದರೆ ಲಿರಾ ಒತ್ತಿ, ಇಲ್ಲದಿದ್ದರೆ ವಿನಿಮಯದಲ್ಲೇ ಇನ್ನೊಂದಿಷ್ಟು ಹೋಗುತ್ತದೆ. ಸಣ್ಣ ಏಟಾದರೂ ಕಾರು ಪಕ್ಕಕ್ಕೆ ನಿಲ್ಲಿಸಿ 112ಕ್ಕೆ ಕರೆ ಮಾಡಿ. ಭಾಷೆ ಬರದಿದ್ದರೆ ಹತ್ತಿರದ ಚಹಾದಂಗಡಿಯಲ್ಲಿ ಕೇಳಿ, ಯಾರಾದರೂ ಎದ್ದು ಬರುತ್ತಾರೆ.

ಗೆಳತಿಗೆ ಮುಂದಿನ ವರ್ಷ ವಾನ್ ಸರೋವರದ ಕಡೆ ಹೋಗುವ ಆಸೆ. ಬೇರೊಂದು ಕಂಪನಿಗೆ ಆಗಲೇ ಈಮೇಲ್ ಹಾಕಿದ್ದಾಳೆ. ಅವರು ಬರಹದಲ್ಲಿ ಏನು ಉತ್ತರ ಕೊಡುತ್ತಾರೋ ಅದನ್ನು ಇಲ್ಲೇ ಹಾಕುತ್ತೇನೆ.