ಪಹಣಿ ಯಾರ ಹೆಸರಲ್ಲಿದೆ? ಜಮೀನಿನ ಸುತ್ತ ಕನ್ನಡದ ಐದು ಸಿನಿಮಾ

ಮಂಡ್ಯ ಸೀಮೆಯಲ್ಲಿ ಮನೆಯ ಹಿರೀಕರು ಹಾಸಿಗೆ ಹಿಡಿದರೆ ನೋಡಲು ಬಂದ ನೆಂಟರು ಮೊದಲು ಕೇಳುವುದು ಡಾಕ್ಟರು ಏನಂದ್ರು ಅಂತ. ಹೊರಡುವಾಗ ಜಗಲಿ ಮೇಲೆ ನಿಂತು ದನಿ ತಗ್ಗಿಸಿ ಕೇಳುವುದು, ಪಹಣಿ, ಅಂದರೆ ಜಮೀನು ಯಾರದೆಂದು ಹೇಳುವ ದಾಖಲೆ, ಇನ್ನೂ ಅವರ ಹೆಸರಲ್ಲೇ ಐತಾ ಅಂತ. ಈ ಎರಡನೇ ಪ್ರಶ್ನೆಯನ್ನು ಹಿಡಿದು ಹೊರಟ ಸಿನಿಮಾಗಳು ಕನ್ನಡದಲ್ಲಿ ಕಡಿಮೆ. ಗದ್ದೆ ಬದುವಿನ ಮೇಲೆ ಒಂದು ಹಾಡು ಹಾಡಿಸಿ ಕಥೆಯನ್ನು ಪೇಟೆಗೆ ಸಾಗಿಸುವವು ಬೇಕಾದಷ್ಟಿವೆ, ಅವನ್ನು ಇಲ್ಲಿ ಸೇರಿಸಿಲ್ಲ. ಈ ಐದರಲ್ಲೂ ಜಮೀನನ್ನು ತೆಗೆದುಬಿಟ್ಟರೆ ಕಥೆಯೇ ಉಳಿಯುವುದಿಲ್ಲ. ಒಂದರಲ್ಲಿ ಮಾರಲು ಹೊರಡುತ್ತಾರೆ, ಒಂದರಲ್ಲಿ ಬಂಜರನ್ನು ಹಸನು ಮಾಡುತ್ತಾರೆ, ಒಂದರಲ್ಲಿ ಸಾಲಕ್ಕೆ ಕಳೆದುಕೊಳ್ಳುತ್ತಾರೆ, ಒಂದರಲ್ಲಿ ಕಾನೂನು ಹಿಡಿದು ಕೇಳುತ್ತಾರೆ, ಇನ್ನೊಂದರಲ್ಲಿ ಕೇಳುವ ಹಕ್ಕೇ ಇಲ್ಲ.

ಮೊದಲು ಮಾರುವ ಕಥೆ, ‘ತಿಥಿ’. ರಾಮ್ ರೆಡ್ಡಿ ನಿರ್ದೇಶನ. ಬರವಣಿಗೆಯಲ್ಲಿ ಅವರ ಜೊತೆ ಕೂತವರು ಈರೇಗೌಡ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಚಿನ್ನದ ಚಿರತೆ ಗೆದ್ದಿತು, ಕನ್ನಡದ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿಯೂ ಬಂತು, 2016ರಲ್ಲಿ ಥಿಯೇಟರಿಗೆ ಬಂತು. ಚಿತ್ರೀಕರಣ ಮಂಡ್ಯ ಜಿಲ್ಲೆಯ ಹಳ್ಳಿಯಲ್ಲೇ, ಪಾತ್ರ ಮಾಡಿದವರು ಅಲ್ಲಿಯವರೇ. ಕ್ಯಾಮೆರಾ ಮುಂದೆ ನಿಂತು ಅಭ್ಯಾಸವಿಲ್ಲದ ಜನ ಎಂಬುದು ಗೊತ್ತಿದ್ದರೂ, ಹತ್ತು ನಿಮಿಷದಲ್ಲಿ ಅದು ಮರೆತುಹೋಗುತ್ತದೆ.

ಶುರುವಿನಲ್ಲೇ ನೂರೊಂದು ವರ್ಷದ ಸೆಂಚುರಿ ಗೌಡ ರಸ್ತೆ ಬದಿ ಕೂತು ಹೋಗುವವರು ಬರುವವರನ್ನೆಲ್ಲ ಹೀನಾಮಾನ ಬೈಯುತ್ತಾನೆ. ಯಾರೂ ತಿರುಗಿ ಬೈಯುವುದಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ, ಗೋಡೆ ಪಕ್ಕ ಬಿದ್ದು ಸತ್ತೇಹೋಗುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ, ಊರಿಗೆಲ್ಲ ಬಾಡೂಟ. ಅಷ್ಟರೊಳಗೆ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಮೂವರೂ ಮೂರು ದಿಕ್ಕು. ಗಡ್ಡಪ್ಪನಿಗೆ ಬೀಡಿ, ಬ್ರಾಂದಿ ಮತ್ತು ಬಯಲು ಸಾಕು. ಅಭಿಗೆ ಕುರಿ ಕಾಯುವವರ ಹುಡುಗಿ ಕಾವೇರಿ. ತಮ್ಮಣ್ಣನಿಗೆ ಮಾತ್ರ ತಾತನ ಜಮೀನು.

ಇಲ್ಲಿ ಕಂದಾಯ ಇಲಾಖೆಯ ಲೆಕ್ಕ ಗೊತ್ತಿದ್ದವರಿಗೆ ಸಿನಿಮಾ ಎರಡುಪಟ್ಟು ರುಚಿಸುತ್ತದೆ. ಖಾತೆದಾರ ತೀರಿಕೊಂಡರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಬೇಕು. ತಕರಾರು ಬಾರದಿದ್ದರೆ ಮ್ಯುಟೇಷನ್ (ಖಾತೆ ಬದಲಾವಣೆ) ಆಗಿ ವಾರಸುದಾರರ ಹೆಸರು ಪಹಣಿಗೆ ಏರುತ್ತದೆ. ವಂಶವೃಕ್ಷದಲ್ಲಿ ಮಗ ಬದುಕಿದ್ದರೆ ಖಾತೆ ಅವನನ್ನು ಹಾರಿ ನೇರವಾಗಿ ಮೊಮ್ಮಗನ ಹೆಸರಿಗೆ ಬರುವುದಿಲ್ಲ. ಗಡ್ಡಪ್ಪನಿಗೋ ಖಾತೆಯೂ ಬೇಡ, ಕಚೇರಿಯೂ ಬೇಡ. ಬೇಡ ಅನ್ನುವವನನ್ನು ಒಪ್ಪಿಸುವುದು ಬೇಕು ಅನ್ನುವವನ ಜೊತೆ ಜಗಳ ಆಡುವುದಕ್ಕಿಂತ ಕಷ್ಟ. ಕೊನೆಗೆ ತಮ್ಮಣ್ಣ ಹಿಡಿಯುವ ದಾರಿ, ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸುವುದು. ಕೊಳ್ಳುವವರು ಕಾದಿದ್ದಾರೆ, ಮಾಡಿದ ಸಾಲಕ್ಕೆ ಬಡ್ಡಿ ಓಡುತ್ತಿದೆ, ತಿಥಿಗೆ ಕುರಿ ಬೇಕು. ಈ ಮೂರು ಗಡುವುಗಳೂ ಒಂದೇ ದಿನಕ್ಕೆ ಬಂದು ನಿಲ್ಲುವಂತೆ ಚಿತ್ರಕಥೆ ಹೆಣೆದಿರುವುದು ನಿಜವಾದ ಕುಶಲತೆ. ತಮ್ಮಣ್ಣನನ್ನು ಕೆಟ್ಟವನನ್ನಾಗಿ ಮಾಡಿಲ್ಲ ಎಂಬುದು ಇನ್ನೂ ದೊಡ್ಡದು. ನಮ್ಮೂರುಗಳಲ್ಲಿ ಇಂಥ ತಮ್ಮಣ್ಣ ಎಷ್ಟು ಜನ!

ಒಂದು ಜಾಗ ಗಮನಿಸಿ ನೋಡಿ: ಬಯಲಲ್ಲಿ ಕುರಿಯವರ ಜೊತೆ ಬೆಂಕಿ ಮುಂದೆ ಕೂತು ಗಡ್ಡಪ್ಪ ತನ್ನ ಕಥೆ ಹೇಳುವುದು. ಅಲ್ಲಿಯವರೆಗೆ ಅವನ ಅಲೆದಾಟ ಬರೀ ಸೋಮಾರಿತನ ಅನ್ನಿಸಿರುತ್ತದೆ. ಆ ದೃಶ್ಯದ ನಂತರ ಅವನಿಗೆ ಜಮೀನು ಯಾಕೆ ಬೇಡ, ಅಪ್ಪ ಸತ್ತಾಗ ಯಾಕೆ ಕಣ್ಣೀರು ಬರಲಿಲ್ಲ ಅನ್ನುವುದು ತಿಳಿಯುತ್ತದೆ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಳಿ, ನಗಿ ಎಂದು ಸಂಗೀತ ಸೂಚನೆ ಕೊಡುವುದಿಲ್ಲ, ಹಾಗಾಗಿ ಮೊಬೈಲ್ ನೋಡುತ್ತಾ ಕೂತರೆ ಏನೂ ದಕ್ಕುವುದಿಲ್ಲ. ಬೈಗುಳ, ಕುಡಿತ ಧಾರಾಳವಾಗಿವೆ, ಚಿಕ್ಕ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ನೋಡುವಂಥದ್ದಲ್ಲ. ಅಭಿ–ಕಾವೇರಿ ಭಾಗ ಉಳಿದೆರಡು ಎಳೆಗಳಷ್ಟು ಗಟ್ಟಿಯಿಲ್ಲ, ಹುಡುಗಿಯ ಮನಸ್ಸಿನೊಳಗೆ ಸಿನಿಮಾ ಹೋಗಲೇ ಇಲ್ಲ. ಈ ಭಾಷೆ ಇಷ್ಟವಾದವರು ಈರೇಗೌಡರೇ ನಿರ್ದೇಶಿಸಿದ ‘ಬಳೆಕೆಂಪ’ವನ್ನೂ ಹುಡುಕಿ ನೋಡಬೇಕು. 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದ ಚಿತ್ರ ಅದು. ಅದರಲ್ಲಿರುವುದು ಜಮೀನಲ್ಲ, ಗಂಡ ಹೆಂಡತಿ ನಡುವಿನ ಮೌನ.

‘ಬಂಗಾರದ ಮನುಷ್ಯ’ದ ಬಗ್ಗೆ ಹೇಳುವುದೇನಿದೆ ಅನ್ನಬೇಡಿ. ಹಾಡುಗಳನ್ನಷ್ಟೇ ಬಲ್ಲವರು, ಪೂರ್ತಿ ಸಿನಿಮಾ ನೋಡದವರು ಈಗ ಬಹಳ ಮಂದಿ. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯ ನಿರ್ದೇಶನ, 1972. ಭಾವ ತೀರಿಕೊಂಡ ಮನೆಗೆ ಬರುವ ರಾಜೀವ (ರಾಜಕುಮಾರ್) ಅಕ್ಕನ ಮಕ್ಕಳನ್ನು ದಡ ಸೇರಿಸಲು ಸಾಲ ತೀರಿಸುತ್ತಾನೆ, ಹಳ್ಳಿಯಲ್ಲೇ ನಿಂತು ಬೇಸಾಯಕ್ಕೆ ಇಳಿಯುತ್ತಾನೆ, ಬಂಜರು ನೆಲವನ್ನು ಹಸನು ಮಾಡುತ್ತಾನೆ. ‘ಆಗದು ಎಂದು’ ಹಾಡಿನಲ್ಲಿ ಕನ್ನಂಬಾಡಿ ಕಟ್ಟೆಯೂ ವಿಶ್ವೇಶ್ವರಯ್ಯನವರೂ ಬರುವುದರಿಂದ ನಾಲೆ ನೀರು ಕಂಡ ನಮ್ಮವರಿಗೆ ಅದು ಬೇರೆಯೇ ತರ ಕೇಳಿಸುತ್ತದೆ.

ಆದರೆ ಸಿನಿಮಾದ ತಿರುಳು ಬೇಸಾಯದ ಗೆಲುವಲ್ಲ. ಬೆವರು ಸುರಿಸಿದವನ ಹೆಸರಿಗೆ ಏನೂ ಇಲ್ಲ ಎಂಬುದು. ದುಡಿದದ್ದೆಲ್ಲ ಅಕ್ಕನ ಮನೆಗೆ. ಮುಂದೆ ದೊಡ್ಡವನಾದ ಅಕ್ಕನ ಮಗ, ವಜ್ರಮುನಿ ಮಾಡಿದ ಕೇಶವ, ಊಟಕ್ಕೆ ಕೂತ ಸೋದರಮಾವನಿಗೆ ಚುಚ್ಚಿ ಮಾತಾಡುತ್ತಾನೆ. ಆ ದೃಶ್ಯದಲ್ಲಿ ರಾಜಕುಮಾರ್ ಎದುರು ಮಾತಾಡುವುದಿಲ್ಲ. ಕೈ ನಿಲ್ಲುವುದನ್ನು, ಮುಖ ತಗ್ಗುವುದನ್ನು ನೋಡಿ. ಆ ಮೇಲೆ ಅವರು ಎದ್ದು ನಡೆದುಹೋಗುವುದು ಆಸ್ತಿಯನ್ನು ತ್ಯಾಗ ಮಾಡಿದಂತೆ ಕಾಣುತ್ತದೆ. ಹಿಡಿದುಕೊಳ್ಳಲು ಅವರ ಹತ್ತಿರ ಪತ್ರವೇ ಇರಲಿಲ್ಲ ಎಂಬ ಕಡೆಯಿಂದ ಒಮ್ಮೆ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಕೊರತೆಯೂ ಇದೆ: ನೆಲ ಹಸನಾಗುವುದು ಒಂದೆರಡು ಹಾಡಿನಲ್ಲಿ ಮುಗಿಯುತ್ತದೆ. ಕಲ್ಲು ಆಯುವುದು, ಗೊಬ್ಬರ ಹೊಡೆಯುವುದು, ಮೊದಲ ಎರಡು ವರ್ಷ ಬೆಳೆ ಕೈಕೊಡುವುದು, ಇವಾವುದಕ್ಕೂ ಜಾಗವಿಲ್ಲ. ಭಾರತಿಯವರ ಲಕ್ಷ್ಮಿ ಪಾತ್ರ ಕಥೆಯಿಂದ ತೀರ ಬೇಗ ಮರೆಯಾಗುತ್ತದೆ.

ಅದೇ ಸಿದ್ದಲಿಂಗಯ್ಯ ಎರಡು ವರ್ಷದ ನಂತರ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ ಹಿಡಿದು ಮಾಡಿದ ‘ಭೂತಯ್ಯನ ಮಗ ಅಯ್ಯು’ ಇದಕ್ಕಿಂತ ಗಟ್ಟಿ ಸಿನಿಮಾ. ಜನಪ್ರಿಯತೆಯ ಮಾತಲ್ಲ, ಕಟ್ಟಿರುವ ಬಿಗಿಯ ಮಾತು. ಸಾಲ ಕೊಟ್ಟು ಊರನ್ನು ಹಿಂಡುವ ಭೂತಯ್ಯನಾಗಿ ಎಂ.ಪಿ. ಶಂಕರ್. ಮೈಸೂರಿನ ಗರಡಿಯಲ್ಲಿ ಪಳಗಿದ ಆ ಮೈ ಬಾಗಿಲಲ್ಲಿ ನಿಂತರೆ ಸಾಕು, ಸಾಲಗಾರನ ಎದೆ ಯಾಕೆ ನಡುಗುತ್ತದೆ ಎಂದು ವಿವರಿಸಬೇಕಿಲ್ಲ. ಅವನು ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ಹಳ್ಳಿಯಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮಗ ಅಯ್ಯುವಾಗಿ ಲೋಕೇಶ್, ಎದುರಾಳಿ ಗುಳ್ಳನಾಗಿ ವಿಷ್ಣುವರ್ಧನ್. ಅಪ್ಪನ ಆಸ್ತಿಯ ಜೊತೆ ಅಪ್ಪನ ಹಗೆಯೂ ಮಗನ ಖಾತೆಗೆ ವರ್ಗವಾಗುತ್ತದೆ. ವ್ಯಾಜ್ಯ ಕೋರ್ಟು ಮೆಟ್ಟಿಲು ಹತ್ತುತ್ತದೆ.

ಕೋರ್ಟಿನ ಭಾಗವನ್ನು ಓಡಿಸಿ ನೋಡಬೇಡಿ. ವಾಯಿದೆ ಮೇಲೆ ವಾಯಿದೆ ಬಿದ್ದಂತೆ ವಕೀಲರ ಫೀಜು, ಸಾಕ್ಷಿಗಳ ಊಟ, ಬಸ್ಸಿನ ಖರ್ಚು ಸೇರಿ ಜಗಳದ ಜಮೀನಿನ ಬೆಲೆಯನ್ನೇ ಮೀರುತ್ತದೆ ಎಂಬುದು ಸಿವಿಲ್ ದಾವೆ ಹಾಕಿದ ಯಾವ ಮನೆಗೂ ಗೊತ್ತು. ಈ ಸಿನಿಮಾ ಅದನ್ನು 1974ರಲ್ಲೇ ತೋರಿಸಿದೆ. ಲೋಕನಾಥ್ ಅವರ ಉಪ್ಪಿನಕಾಯಿಯ ಹುಚ್ಚು ಈಗಲೂ ಬಾಯಲ್ಲಿ ನೀರೂರಿಸುತ್ತದೆ. ಕೊನೆಯ ಪ್ರವಾಹ ಬಿಟ್ಟ ಕಣ್ಣು ಮುಚ್ಚದಂತೆ ನೋಡಿಸಿಕೊಳ್ಳುತ್ತದೆ. ಮಾತುಗಾರಿಕೆ ಅಲ್ಲಲ್ಲಿ ನಾಟಕದ ಧಾಟಿಗೆ ಏರುತ್ತದೆ, ಅಷ್ಟು ಸಹಿಸಿಕೊಳ್ಳಬೇಕು.

‘ಕಾಟೇರ’ 2023ರ ಕೊನೆಯ ವಾರದಲ್ಲಿ ಬಂದದ್ದು. ತರುಣ್ ಸುಧೀರ್ ನಿರ್ದೇಶನ, ದರ್ಶನ್ ನಟನೆ. ಹೊಡೆದಾಟ ಅತಿಯಾಯಿತು, ಸದ್ದೂ ಅತಿ, ಮೂರು ಗಂಟೆ ಬೇಕಿರಲಿಲ್ಲ. ಆದರೂ ಪಟ್ಟಿಯಲ್ಲಿ ಇಟ್ಟದ್ದಕ್ಕೆ ಕಾರಣ ಅದು ಎತ್ತಿಕೊಂಡ ವಿಷಯ, ಅಂದರೆ ಒಡೆಯನ ನೆಲವನ್ನು ಗೇಣಿ ಕೊಟ್ಟು ಉಳುವ ಗೇಣಿದಾರರು ಮತ್ತು ಭೂಸುಧಾರಣೆ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ಆ ನೆಲದ ಒಡೆತನ ಕೇಳಿ ಭೂನ್ಯಾಯ ಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಅರ್ಜಿ ಹಾಕಲು ಧೈರ್ಯ ಬೇಕಿತ್ತು, ಯಾಕೆಂದರೆ ಎದುರುದಾರ ದಿನ ಬೆಳಗಾದರೆ ಮುಖ ನೋಡಬೇಕಾದ ಒಡೆಯನೇ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಅರಸು ಮಾಡಿದ ಈ ಕೆಲಸವನ್ನು ಮಾಸ್ ಸಿನಿಮಾ ಒಂದು ಮುಟ್ಟಿದೆ ಎಂಬುದೇ ಸಂತೋಷ. ಹದಿಹರೆಯದ ಮಕ್ಕಳಿಗೆ ‘ಉಳುವವನೇ ಭೂಮಿಯ ಒಡೆಯ’ ಅಂದರೇನು ಎಂದು ಹೇಳಲು ಇದಕ್ಕಿಂತ ಸಲೀಸಾದ ದಾರಿ ಸಿಗದು.

ಇನ್ನು ‘ಚೋಮನ ದುಡಿ’. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975, ಕಪ್ಪು ಬಿಳುಪು. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲವೂ ಬಂತು, ಚೋಮನಾದ ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿಯೂ ಬಂತು. ಕಥೆ ಕರಾವಳಿಯದು, ನೆಲವೂ ಮಾತೂ ಬೇರೆ. ಚೋಮನ ಹತ್ತಿರ ಜೋಡಿ ಎತ್ತಿವೆ, ಉಳುವ ಕೈಯಿದೆ, ಉಳುವ ಆಸೆಯಿದೆ. ಹುಟ್ಟಿದ ಜಾತಿಯ ಕಾರಣಕ್ಕೆ ನೆಲ ಮಾತ್ರ ಸಿಗುವುದಿಲ್ಲ. ಮೇಲಿನ ನಾಲ್ಕು ಸಿನಿಮಾಗಳಲ್ಲಿ ಜಗಳ ಆಡಲಿಕ್ಕಾದರೂ ಒಂದು ಸರ್ವೆ ನಂಬರ್ ಇದೆ. ಇಲ್ಲಿ ಅದೂ ಇಲ್ಲ. ಸಿಟ್ಟು, ದುಃಖ, ಆಸೆ ಮೂರಕ್ಕೂ ಅವನಿಗಿರುವುದು ಒಂದೇ, ಬಾರಿಸುವ ದುಡಿ. ಅದರ ಸದ್ದು ಪ್ರತಿ ಸಲ ಬೇರೆ ಬೇರೆ ಕೇಳಿಸುವಂತೆ ಬಿ.ವಿ. ಕಾರಂತರು ಮಾಡಿದ್ದಾರೆ. ರಂಗಭೂಮಿಯ ಕಿವಿ ಇದ್ದವರಿಗೆ ಮಾತ್ರ ಆಗುವ ಕೆಲಸ. ನಿಧಾನ ಎಂದು ದೂರುವವರಿದ್ದಾರೆ. ನಿಧಾನ ಹೌದು, ಆದರೆ ಒಂದು ದೃಶ್ಯ ಕಿತ್ತರೂ ಚೋಮನ ಕಾಯುವಿಕೆ ಹಗುರಾಗಿಬಿಡುತ್ತದೆ.

ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ಗಿರೀಶ ಕಾರ್ನಾಡರು 1973ರಲ್ಲಿ ಮಾಡಿದ ‘ಕಾಡು’ ಯಾಕಿಲ್ಲ ಎಂದು ಮೈಸೂರಿನವರು ಕೇಳಬಹುದು. ಅದ್ಭುತ ಸಿನಿಮಾ. ಅಲ್ಲಿ ಹೊಡೆದಾಡುವುದು ಎರಡು ಊರುಗಳು, ಹೊಲದ ಬದುಗಳಲ್ಲ. ಊರೂರ ಹಗೆಯ ಮೇಲೆ ಬೇರೆ ಪಟ್ಟಿ ಮಾಡಿದರೆ ಅದೇ ಮೊದಲು.

ನೋಡುವ ಕ್ರಮದಲ್ಲೂ ಕೆಲವು ಎಚ್ಚರಿಕೆ ಬೇಕು. ಹಳೆಯ ಸಿನಿಮಾಗಳು ಅಂತರ್ಜಾಲದಲ್ಲಿ ಎರಡು ಮೂರು ಬಗೆಯ ಪ್ರತಿಗಳಾಗಿ ಸಿಗುತ್ತವೆ, ಮೊದಲು ಕಂಡದ್ದನ್ನೇ ಒತ್ತಬೇಡಿ. ಒಟ್ಟು ಅವಧಿ ನೋಡಿ. ‘ಬಂಗಾರದ ಮನುಷ್ಯ’ ಮೂರು ಗಂಟೆಗೆ ಹತ್ತಿರವಿರಬೇಕು, ಎರಡೂವರೆ ಗಂಟೆಗಿಂತ ಕಡಿಮೆ ಇದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ. ಎಪ್ಪತ್ತರ ದಶಕದ ಬಣ್ಣದ ಫಿಲಂನಲ್ಲಿ ಹಸಿರು–ನೀಲಿ ಛಾಯೆ ಕೊಡುವ ಬಣ್ಣ ಮೊದಲು ಮಾಸುತ್ತದೆ, ಆಮೇಲೆ ಉಳಿಯುವುದು ಕೆಂಪು. ಗದ್ದೆ ಇಟ್ಟಿಗೆ ಬಣ್ಣಕ್ಕೆ, ಮುಖಗಳು ಗುಲಾಬಿಗೆ ತಿರುಗಿದ್ದರೆ ಅದು ಟಿವಿಯ ದೋಷವಲ್ಲ. ಪಿಕ್ಚರ್ ಸೆಟ್ಟಿಂಗಿನಲ್ಲಿ ಕಲರ್ ಟೆಂಪರೇಚರನ್ನು ‘ವಾರ್ಮ್’ನಿಂದ ‘ಕೂಲ್’ಗೆ ಬದಲಿಸಿ, ಕಲರನ್ನು ಐದು ಹತ್ತು ಅಂಕ ಇಳಿಸಿದರೆ ಕಣ್ಣಿಗೆ ಹಿತವಾಗುತ್ತದೆ. ಮಾಸಿದ ಹಸಿರು ಮರಳಿ ಬರುವುದಿಲ್ಲ.

‘ಚೋಮನ ದುಡಿ’ಗೆ ಇನ್ನೊಂದು ತೊಂದರೆ. ಅದು ಅಗಲ 4, ಎತ್ತರ 3ರ ಹಳೆಯ ಚೌಕಟ್ಟಿನದು, ಈಗಿನ ಟಿವಿ 16ಕ್ಕೆ 9. ಪರದೆ ತುಂಬಲಿ ಎಂದು ಎಳೆದರೆ ಪ್ರತಿ ಮುಖವೂ ಮೂರನೇ ಒಂದು ಭಾಗದಷ್ಟು ಅಗಲವಾಗುತ್ತದೆ, ಬಡಕಲು ಚೋಮ ಉಂಡು ಬಲಿತವನಂತೆ ಕಾಣುತ್ತಾನೆ! ಎರಡೂ ಬದಿ ಕಪ್ಪು ಪಟ್ಟಿ ಇರಲಿ ಬಿಡಿ. ಪ್ರತಿಯೇ ಎಳೆದದ್ದಾಗಿದ್ದರೆ ಟಿವಿ ರಿಮೋಟಿನಲ್ಲಿ 4:3 ಆರಿಸಿ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಇದ್ದರೆ ‘ಎ’ ಕೀಲಿ ಒತ್ತುತ್ತಾ ಹೋದರೆ 4:3 ಸಿಗುತ್ತದೆ. ‘ತಿಥಿ’ಗೆ ಟಿವಿಯ ಸರೌಂಡ್ ಆಯ್ಕೆಯನ್ನು ಆಫ್ ಮಾಡಿಬಿಡಿ. ಅದು ಬಯಲಿನ ಗಾಳಿ, ಕುರಿಗಳ ಸದ್ದನ್ನು ಎತ್ತಿ ಮಾತನ್ನು ಮುಳುಗಿಸುತ್ತದೆ. ಮಾತು ಸ್ಪಷ್ಟಗೊಳಿಸುವ ‘ಕ್ಲಿಯರ್ ವಾಯ್ಸ್’ ತರದ ಆಯ್ಕೆ ಇದ್ದರೆ ಹಾಕಿ.

ಐದನ್ನೂ ನೋಡುವವರು ‘ಬಂಗಾರದ ಮನುಷ್ಯ’, ‘ಭೂತಯ್ಯನ ಮಗ ಅಯ್ಯು’ ಎರಡನ್ನೂ ಒಂದೇ ವಾರದಲ್ಲಿ ಮುಗಿಸಿ, ಒಬ್ಬನೇ ನಿರ್ದೇಶಕ ಎರಡು ವರ್ಷದಲ್ಲಿ ಎಷ್ಟು ಬೆಳೆದ ಎಂಬುದು ಕಾಣುತ್ತದೆ. ‘ಕಾಟೇರ’ ಆಮೇಲೆ. ‘ತಿಥಿ’ಯನ್ನು ಮನೆಯ ಹಿರಿಯರ ಜೊತೆ ಕೂತು ನೋಡಿ, ಅವರು ನಡುನಡುವೆ ಮಾತಾಡಿದರೆ ತಡೆಯಬೇಡಿ, ಬೇಕಿದ್ದರೆ ನಿಲ್ಲಿಸಿ ಕೇಳಿಸಿಕೊಳ್ಳಿ. ‘ಚೋಮನ ದುಡಿ’ ಕೊನೆಗೆ, ದೀಪ ಆರಿಸಿ, ಒಂದೇ ಪಟ್ಟಿನಲ್ಲಿ. ಅದು ಮುಗಿದ ರಾತ್ರಿ ಬೇರೆ ಸಿನಿಮಾ ಹಾಕಬೇಡಿ.