ಕುಡಿತ ಬಿಡಲು ಹೊರಟ ಮಾಜಿ ಸೈನಿಕರಿಗೆ: ನಿಮ್ಹಾನ್ಸಾ, ಎಎ ಸಭೆಯಾ?

ಅಪ್ಪನೋ ಅಣ್ಣನೋ ಸೇನೆಯಿಂದ ನಿವೃತ್ತರಾಗಿ ಬಂದು, ಕ್ಯಾಂಟೀನ್ ರಮ್ ಬಿಡಲಾಗದೆ ಒದ್ದಾಡುತ್ತಿದ್ದರೆ ಮೊದಲು ಇದನ್ನು ನೋಡಿ: ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದಾ? ಹಾಗಿದ್ದರೆ ಆಸ್ಪತ್ರೆಯೇ ಮೊದಲು. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ವಿಭಾಗವಿದೆ. ಗಡಿಯ ನೆನಪುಗಳು ನಿದ್ದೆಗೆಡಿಸುತ್ತಿದ್ದರೆ ಅದಕ್ಕೂ ಅಲ್ಲೇ ಚಿಕಿತ್ಸೆ. ಮಾಜಿ ಸೈನಿಕರಿಗಾಗಿ 2003ರಲ್ಲಿ ಶುರುವಾದ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಕಾರ್ಡ್ ಇದ್ದರೆ ಹತ್ತಿರದ ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬಗ್ಗೆ ಕೇಳಿ.

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು. ಅದರ ಸಭೆಗೆ ಫೀಸಿಲ್ಲ, ಪೂರ್ತಿ ಹೆಸರನ್ನೂ ಹೇಳಬೇಕಿಲ್ಲ. ಆದರೆ ಅಲ್ಲಿ ಔಷಧಿ ಇಲ್ಲ. ಇರುವುದು ಜೊತೆ. ಪಲ್ಟನ್ ಬಿಟ್ಟು ಬಂದವರನ್ನು ಕಾಡುವುದು ಅದೇ ಕೊರತೆ ಅಲ್ವಾ? ಹಾಗಾಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ವಾರದಿಂದಲೇ ಕರೆದುಕೊಂಡು ಹೋಗಿ, ಮೊದಲ ದಿನ ಬಾಗಿಲವರೆಗಾದರೂ ನೀವೂ ಜೊತೆಗಿರಿ.